ಒಡೆಯಲೆಂದೇ ಕಟ್ಟುವ ಊರು: 1/72 ಅಳತೆಯಲ್ಲಿ ಸ್ಟಾಲಿನ್‌ಗ್ರಾಡ್‌ನ ಒಂದು ಬೀದಿಮೂಲೆ

ಯುದ್ಧದಲ್ಲಿ ಹಾಳಾದ ಊರಿನ ಡಯೋರಾಮ (ಒಂದು ದೃಶ್ಯದ ಪುಟ್ಟ ಮಾದರಿ) ಮಾಡುವವರು ಸಾಮಾನ್ಯವಾಗಿ ಹಾಳಿನಿಂದಲೇ ಶುರು ಮಾಡುತ್ತಾರೆ. ಥರ್ಮಾಕೋಲ್ ಹರಿದು, ಅಂಚು ಕಿತ್ತು, ಮೇಲೊಂದಿಷ್ಟು ಮರಳು ಉದುರಿಸಿ ಬೂದು ಬಣ್ಣ ಬಳಿಯುತ್ತಾರೆ. ಹಾಗೆ ಮಾಡಿದ ಕಟ್ಟಡ ಬಾಂಬ್ ಬಿದ್ದಂತೆ ಕಾಣುವುದಿಲ್ಲ, ಇಲಿ ಕಡಿದ ರೊಟ್ಟಿಯಂತೆ ಕಾಣುತ್ತದೆ. ಗೋಡೆ ಎಲ್ಲಿ ಒಡೆಯುತ್ತದೆ, ಯಾವ ಕಡೆ ಬೀಳುತ್ತದೆ, ಎಷ್ಟು ರಾಶಿ ಆಗುತ್ತದೆ ಎನ್ನುವುದೆಲ್ಲ ಅದನ್ನು ಕಟ್ಟಿದ ರೀತಿಯಲ್ಲೇ ಅಡಗಿರುತ್ತದೆ. ಆದ್ದರಿಂದ ಇಲ್ಲಿನ ಕ್ರಮ ಬೇರೆ: ಮೊದಲು ಗೋಡೆಯನ್ನು ಕಿಟಕಿ ಸಮೇತ ಪೂರ್ತಿ ಎರಕ ಹೊಯ್ಯುವುದು, ಒಣಗಿಸುವುದು, ಆಮೇಲೆ ಒಡೆಯುವುದು. ದಿನಕ್ಕೆ ಒಂದೆರಡು ತಾಸು ಕೊಟ್ಟರೆ ಎರಡು ತಿಂಗಳ ಕೆಲಸ. ಹುಬ್ಬಳ್ಳಿ-ಧಾರವಾಡದಲ್ಲಿ ಕೈಗೆ ಸಿಗುವ ಸಾಮಾನಿನಲ್ಲೇ ಮುಗಿಯುತ್ತದೆ. ಟ್ಯಾಂಕು ಮತ್ತು ಸೈನಿಕರ ಕಿಟ್ ಮಾತ್ರ ಆನ್‌ಲೈನ್‌ನಲ್ಲಿ ತರಿಸಬೇಕು.

ಮೊದಲು ತಿಂಗಳು ನಿಶ್ಚಯಿಸಿ

"ಸ್ಟಾಲಿನ್‌ಗ್ರಾಡ್" ಎಂದಷ್ಟೇ ಇಟ್ಟುಕೊಂಡರೆ ಸಾಲದು. 1942ರ ಆಗಸ್ಟ್ 23ರಂದು ಜರ್ಮನ್ ವಾಯುದಾಳಿ ರಷ್ಯದ ಈ ಊರನ್ನು ಸುಟ್ಟಿತು. ನವೆಂಬರ್ 19ರಂದು ಸೋವಿಯತ್ ಸೇನೆಯ ಸುತ್ತುವರಿತ ಶುರುವಾಯಿತು. 1943ರ ಫೆಬ್ರುವರಿ 2ಕ್ಕೆ ಕೊನೆಯ ಜರ್ಮನ್ ತುಕಡಿಗಳು ಶರಣಾದವು. ಈ ಐದಾರು ತಿಂಗಳಲ್ಲಿ ನೆಲದ ಬಣ್ಣ, ಬಟ್ಟೆ, ವಾಹನ ಎಲ್ಲವೂ ಬದಲಾಗುತ್ತವೆ. ಮೊದಲ ಸಲ ಮಾಡುವವರಿಗೆ 1942ರ ಅಕ್ಟೋಬರ್ ಅನುಕೂಲ. ಹಿಮ ಇಲ್ಲ, ಎಲ್ಲ ಕಡೆ ಒಣ ಧೂಳು. ಹಿಮ ಮಾಡುವುದು ಬೇರೆಯೇ ವಿದ್ಯೆ, ಅದು ಕೆಟ್ಟರೆ ಹಪ್ಪಳದ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ.

ಅಕ್ಟೋಬರ್ ಎಂದು ನಿಶ್ಚಯಿಸಿದ ಮೇಲೆ ಕೆಲವು ಕಿಟ್ ತಾವಾಗಿ ಹೊರಬೀಳುತ್ತವೆ. ಸೋವಿಯತ್ ಟ್ಯಾಂಕು ಟಿ-34/85 ಬಂದದ್ದು 1944ರಲ್ಲಿ, ಜರ್ಮನ್ ಟ್ಯಾಂಕು ಪ್ಯಾಂಥರ್ 1943ರಲ್ಲಿ. ಸೋವಿಯತ್ ಸೈನಿಕರ ಹೆಗಲ ಪಟ್ಟಿ ಮರಳಿ ಬಂದದ್ದು 1943ರ ಜನವರಿಯಲ್ಲಿ, ಆದ್ದರಿಂದ ಹೆಗಲ ಪಟ್ಟಿ ಇರುವ ಗೊಂಬೆ ತಂದರೆ ಅದನ್ನು ಕೆರೆದು ತೆಗೆಯಬೇಕು. ಸೋವಿಯತ್ ಟಿ-34/76, ಜರ್ಮನ್ ಪಾಂಜರ್ 3, ಸ್ಟುಗ್ 3 ಇವು ನಡೆಯುತ್ತವೆ.

ಕಟ್ಟಡಕ್ಕೆ ಎರಡು ಆಧಾರ ಚಿತ್ರ ಸಾಕು. ಒಂದು ವೋಲ್ಗಾ ದಂಡೆಯ ಕೆಂಪಿಟ್ಟಿಗೆಯ ಹಿಟ್ಟಿನ ಗಿರಣಿ. ಇಂದಿನ ವೋಲ್ಗೋಗ್ರಾಡ್‌ನಲ್ಲಿ ಅದನ್ನು ದುರಸ್ತಿ ಮಾಡದೆ ಒಡೆದ ಸ್ಥಿತಿಯಲ್ಲೇ ಕಾಯ್ದಿಟ್ಟಿದ್ದಾರೆ, ಅಂತರ್ಜಾಲದಲ್ಲಿ ಎಲ್ಲ ಮಗ್ಗುಲಿನ ಫೋಟೋ ಸಿಗುತ್ತವೆ. ಇನ್ನೊಂದು ಅದರ ಎದುರಿನ, ಅದನ್ನು ಕಾದ ಸೋವಿಯತ್ ಸಾರ್ಜೆಂಟ್ ಯಾಕೋವ್ ಪಾವ್ಲೋವ್ ಹೆಸರಿನ ನಾಲ್ಕಂತಸ್ತಿನ ವಾಸದ ಮನೆ. ನಾವಿಲ್ಲಿ ಕಟ್ಟುವುದು ಆ ಕಾಲದ ಇಂಥದೇ ಒಂದು ನಾಲ್ಕಂತಸ್ತಿನ ಮೂಲೆಮನೆ. ನಿರ್ದಿಷ್ಟ ಕಟ್ಟಡದ ನಕಲಲ್ಲ, ಹೀಗಾಗಿ ಅಳತೆಯ ಮೇಲೆ ಜಗಳ ತೆಗೆಯುವವರ ಬಾಯಿಗೂ ಬೀಗ.

ನಮ್ಮ ಸುತ್ತಲೂ ನೋಡಿ ಕಲಿಯುವುದಿದೆ, ಆದರೆ ಎಚ್ಚರ ಬೇಕು. ರಸ್ತೆ ಅಗಲೀಕರಣದಲ್ಲಿ ಅರ್ಧ ಕತ್ತರಿಸಿದ ಮನೆಗಳನ್ನು ಹುಬ್ಬಳ್ಳಿ-ಧಾರವಾಡದವರೆಲ್ಲ ಕಂಡಿದ್ದಾರೆ. ಮೇಲಿನ ಕೋಣೆಗೆ ನೀಲಿ, ಕೆಳಗಿನದಕ್ಕೆ ಗುಲಾಬಿ, ಮೆಟ್ಟಿಲು ಇದ್ದ ಕಡೆ ಓರೆಯಾದ ಗುರುತು, ಗೋಡೆಯಲ್ಲೇ ಉಳಿದ ಕನ್ನಡಿ ಮೊಳೆ. ಈ ಒಳಗಿನ ಬಣ್ಣಗಳನ್ನು ಹಾಗೇ ತೆಗೆದುಕೊಳ್ಳಿ. ಜೆಸಿಬಿ ಕೊಯ್ದ ನೇರ ಅಂಚನ್ನೂ ಹೊರಗೆ ಚಾಚಿದ ಕಬ್ಬಿಣದ ಸಳಿಗಳನ್ನೂ ಬಿಡಿ. ಹಾಗೆಯೇ ನವಲಗುಂದ, ರೋಣ ಕಡೆಯ ಮಣ್ಣಿನ ಮನೆ ಮಳೆಗಾಲದಲ್ಲಿ ಕುಸಿದದ್ದನ್ನು ನೋಡಿ ಅದನ್ನೇ ಮಾಡಬೇಡಿ. ಮಣ್ಣಿನ ಗೋಡೆ ಕರಗಿ ದಿಬ್ಬವಾಗುತ್ತದೆ. ಗಾರೆಯಲ್ಲಿ ಕಟ್ಟಿದ ಸುಟ್ಟಿಟ್ಟಿಗೆ ಗೋಡೆ ತುಂಡು ತುಂಡಾಗಿ, ಮೂಲೆಗಳುಳ್ಳ ಹೆಂಟೆಗಳಾಗಿ ಬೀಳುತ್ತದೆ.

ಅಳತೆ

1/72 ಎಂದರೆ ನಿಜದ 72 ಮಿ.ಮೀ. ಇಲ್ಲಿ 1 ಮಿ.ಮೀ. ಐದೂಮುಕ್ಕಾಲು ಅಡಿ ಆಳು 24 ಮಿ.ಮೀ. ಆಗುತ್ತಾನೆ. 1/35 ಅಳತೆಯ ಗೊಂಬೆಗಳು ಅಂದವೇ, ಆದರೆ ಇದೇ ಮನೆ ಆ ಅಳತೆಯಲ್ಲಿ 62 ಸೆಂ.ಮೀ. ಉದ್ದ, 39 ಸೆಂ.ಮೀ. ಎತ್ತರ ಆಗುತ್ತದೆ. ಬೀದಿ ಸೇರಿದರೆ ಮನೆಯ ಊಟದ ಟೇಬಲ್ಲೇ ಹೋಯಿತು. ಊರು ತೋರಿಸಬೇಕಿದ್ದರೆ 1/72, ಒಂದು ಬಾಗಿಲು ತೋರಿಸಬೇಕಿದ್ದರೆ 1/35.

ನಮ್ಮ ತಳ 60 × 45 ಸೆಂ.ಮೀ., ನಿಜದಲ್ಲಿ ಸುಮಾರು 43 × 32 ಮೀಟರ್ ಜಾಗ. ಉಳಿದ ಅಳತೆ ಹೀಗೆ:

ಮನೆಯ ಮುಂಗೋಡೆ 300 ಮಿ.ಮೀ., ಪಕ್ಕದ ಗೋಡೆ 200 ಮಿ.ಮೀ.
ಒಂದು ಅಂತಸ್ತು 46 ಮಿ.ಮೀ. (3.3 ಮೀಟರ್), ಮೇಲಿನ ಕಟ್ಟು ಸೇರಿ ಗೋಡೆಯ ಒಟ್ಟು ಎತ್ತರ 190 ಮಿ.ಮೀ.
ಗೋಡೆಯ ದಪ್ಪ 8 ಮಿ.ಮೀ.
ಕಿಟಕಿ 17 × 25 ಮಿ.ಮೀ., ನೆಲದಿಂದ 11 ಮಿ.ಮೀ. ಮೇಲೆ
ಬೀದಿ 111 ಮಿ.ಮೀ., ಫುಟ್‌ಪಾತ್ 35 ಮಿ.ಮೀ., ಅದರ ಅಂಚಿನ ಕಲ್ಲು 2 ಮಿ.ಮೀ. ಎತ್ತರ
ಇಟ್ಟಿಗೆ 3.5 × 1.7 × 0.9 ಮಿ.ಮೀ. (ನಿಜದ 250 × 120 × 65)

ಗೋಡೆಯ ದಪ್ಪವೇ ಹೆಚ್ಚು ಜನ ತಪ್ಪುವ ಜಾಗ. ನಮ್ಮ ಒಂಬತ್ತಿಂಚಿನ ಗೋಡೆ ಮನಸ್ಸಿನಲ್ಲಿಟ್ಟು 3 ಮಿ.ಮೀ. ಸನ್‌ಬೋರ್ಡ್ ಎಂಬ ಹಗುರ ಫೋಮ್ ಹಲಗೆಯಲ್ಲಿ ಮಾಡುತ್ತಾರೆ. ರಷ್ಯದ ಚಳಿಗೆ ಹೊರಗೋಡೆಯನ್ನು ಎರಡು, ಎರಡೂವರೆ ಇಟ್ಟಿಗೆ ದಪ್ಪ ಕಟ್ಟುತ್ತಿದ್ದರು, ಅಂದರೆ 51ರಿಂದ 64 ಸೆಂ.ಮೀ. ಒಡೆದ ಅಂಚಿನಲ್ಲಿ ಈ ದಪ್ಪ ಕಾಣದಿದ್ದರೆ ಇಡೀ ಮನೆ ರಟ್ಟಿನ ಡಬ್ಬಿ.

ಸಾಮಾನು

12 ಮಿ.ಮೀ. ಪ್ಲೈವುಡ್ ಒಂದು ತುಂಡು, ಕೆಳಗೆ ಹೊಡೆಯಲು ರೀಪು. 20 ಮಿ.ಮೀ. ದಪ್ಪದ ಗಟ್ಟಿ ಫೋಮ್ ಶೀಟ್. ಕಾಳು ಕಾಳಾಗಿ ಉದುರುವ ಥರ್ಮಾಕೋಲ್‌ಗಿಂತ ಚಾವಣಿಗೆ ಹಾಕುವ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮ್ ಒಳ್ಳೆಯದು, ಅದು ಸಿಗದಿದ್ದರೆ ಗಟ್ಟಿ ಥರ್ಮಾಕೋಲ್ ನಡೆಯುತ್ತದೆ. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) 3 ಕಿಲೋ. ವಾಲ್ ಪುಟ್ಟಿ 1 ಕಿಲೋ. ಫೆವಿಕಾಲ್ 1 ಕಿಲೋ. 5 ಮಿ.ಮೀ. ಮತ್ತು 3 ಮಿ.ಮೀ. ಸನ್‌ಬೋರ್ಡ್, ಇದು ವಿದ್ಯಾನಗರದಲ್ಲಿ ಕಾಲೇಜು ಹುಡುಗರು ಪ್ರಾಜೆಕ್ಟ್ ಸಾಮಾನು ಒಯ್ಯುವ ಸ್ಟೇಷನರಿ ಅಂಗಡಿಗಳಲ್ಲಿ ಅಥವಾ ಫ್ಲೆಕ್ಸ್ ಬೋರ್ಡ್ ಮಾಡುವವರ ಹತ್ತಿರ ಸಿಗುತ್ತದೆ. 1 ಮಿ.ಮೀ. ಬೈಂಡಿಂಗ್ ರಟ್ಟು ಒಂದು ಹಾಳೆ; ಗದಗಿನವರಿಗೆ ಇದಕ್ಕೆ ದುಡ್ಡೇ ಬೇಕಿಲ್ಲ, ಪುಸ್ತಕ ಬೈಂಡ್ ಮಾಡುವಲ್ಲಿ ಕತ್ತರಿಸಿ ಬಿಟ್ಟ ಪಟ್ಟಿಗಳೇ ಸಾಕು. ಬೆಂಕಿಕಡ್ಡಿ, ಊದಿನಕಡ್ಡಿಯ ಬಿದಿರು, ಖಾಲಿ ಮಾತ್ರೆ ಪಟ್ಟಿಯ ಹಾಳೆ, ಒಡೆದ ಮಂಗಳೂರು ಹಂಚು ನಾಲ್ಕು, ಹಳೆ ಸೊಳ್ಳೆಪರದೆ, ದಬ್ಬಣ, ಕಟರ್, ಸ್ಟೀಲ್ ಪಟ್ಟಿ, ಚಹಾ ಸೋಸುವ ಜರಡಿ, ಸೂಜಿ ತೆಗೆದ ಸಿರಿಂಜ್ ಎರಡು.

ಪಿಓಪಿ ಹೊಸದಾಗಿರಬೇಕು. ಮಳೆಗಾಲದಲ್ಲಿ ತೆರೆದಿಟ್ಟ ಚೀಲದ ಪುಡಿ ಗಾಳಿಯ ಪಸೆ ಹೀರಿ ಸತ್ತಿರುತ್ತದೆ. ಕಲಸಿದರೆ ಗಟ್ಟಿಯಾದಂತೆ ಮಾಡಿ ಉಗುರು ತಾಗಿದರೆ ಉದುರುತ್ತದೆ. ಅಂಗಡಿಯಲ್ಲಿ ಚೀಲಕ್ಕೆ ಕೈ ಹಾಕಿ ನೋಡಿ, ಗಂಟು ಸಿಕ್ಕರೆ ಬೇಡ.

ತಳ

ಪ್ಲೈವುಡ್ ಕೆಳಗೆ ಉದ್ದಕ್ಕೆ ಎರಡು, ಅಡ್ಡಕ್ಕೆ ಮೂರು ರೀಪು ಹೊಡೆಯಿರಿ. ಮೇಲೆ ಕೆಳಗೆ ಎರಡೂ ಮುಖಕ್ಕೆ ಮರದ ಪ್ರೈಮರ್ ಹಚ್ಚಿ. ಮೇಲಿನ ಮುಖಕ್ಕಷ್ಟೇ ಹಚ್ಚಿದರೆ ಮುಂದೆ ಫೆವಿಕಾಲ್ ನೀರು ಸುರಿದಾಗ ಒಂದು ಕಡೆ ಉಬ್ಬಿ ಹಲಗೆ ದೋಣಿಯಾಗುತ್ತದೆ, ಅದರ ಮೇಲಿನ ಪಿಓಪಿ ಗೋಡೆ ಬುಡದಲ್ಲಿ ಬಿರಿಯುತ್ತದೆ.

ಫೋಮ್ ಶೀಟನ್ನು ಫೆವಿಕಾಲ್‌ನಿಂದ ಅಂಟಿಸಿ ಮೇಲೆ ಪುಸ್ತಕದ ಭಾರ ಹೇರಿ ಎರಡು ದಿನ ಬಿಡಿ. ನಡುಭಾಗಕ್ಕೆ ಗಾಳಿ ಹೋಗುವುದಿಲ್ಲ, ಅದಕ್ಕೇ ಎರಡು ದಿನ. ಅವಸರಕ್ಕೆ ರಬ್ಬರ್ ಅಂಟು ಹಚ್ಚಿದರೆ ಅದರ ದ್ರಾವಕ ಫೋಮನ್ನೇ ತಿಂದುಹಾಕುತ್ತದೆ. ಫೆವಿಕ್ವಿಕ್ ಮತ್ತು ಸ್ಪ್ರೇ ಡಬ್ಬಿಯ ಬಣ್ಣಕ್ಕೂ ಇದೇ ಮಾತು.

ಈಗ ಪೆನ್ಸಿಲ್‌ನಿಂದ ನಕ್ಷೆ. ಮನೆಯನ್ನು ಹಿಂದಿನ ಎಡಮೂಲೆಗೆ ಇಡಿ, ಆದರೆ ತಳದ ಅಂಚಿಗೆ ಸಮಾಂತರವಾಗಿ ಬೇಡ, 10 ಡಿಗ್ರಿ ತಿರುಗಿಸಿ. ಬೀದಿಯೂ ಅಷ್ಟೇ ತಿರುಗಲಿ. ಅಂಚಿಗೆ ಸಮನಾಗಿ ಇಟ್ಟರೆ ನೋಡುವವರಿಗೆ ಊರಿನ ತುಂಡು ಕಾಣುವುದಿಲ್ಲ, ಟ್ರೇ ಕಾಣುತ್ತದೆ. ಹಿಂದಿನ ಎರಡು ಗೋಡೆಗಳ 20-40 ಮಿ.ಮೀ. ಮೊಂಡು ಮಾತ್ರ ಉಳಿಯಲಿ. ಆಗ ಹಿಂದಿನಿಂದ ನೋಡಿದರೆ ನಾಲ್ಕೂ ಅಂತಸ್ತಿನ ಒಳಭಾಗ ಕಾಣುತ್ತದೆ.

ಗೋಡೆ ಎರಕ

ಚಪ್ಪಟೆಯಾದ ಗಾಜು ಅಥವಾ ಸನ್‌ಮೈಕಾ ತುಂಡಿನ ಮೇಲೆ 8 ಮಿ.ಮೀ. ಎತ್ತರದ ಸನ್‌ಬೋರ್ಡ್ ಪಟ್ಟಿಗಳಿಂದ 300 × 190ರ ಚೌಕಟ್ಟು ಕಟ್ಟಿ, ಹೊರಸುತ್ತ ಹಿಟ್ಟಿನ ಮುದ್ದೆ ಅಥವಾ ಜೇಡಿಮಣ್ಣು ಒತ್ತಿ ಸಂದು ಮುಚ್ಚಿ. ಕಿಟಕಿಗೆ 17 × 25 × 8ರ ಸನ್‌ಬೋರ್ಡ್ ಬಿಲ್ಲೆಗಳು (5 ಮತ್ತು 3 ಮಿ.ಮೀ. ಕೂಡಿಸಿ). ಮುಂಗೋಡೆಗೆ ಅಂತಸ್ತಿಗೆ ಎಂಟರಂತೆ 32, ಪಕ್ಕದ ಗೋಡೆಗೆ ಐದರಂತೆ 20. ಮನೆಯ ಬಾಗಿಲು ಬೇಕೆಂದರೆ ಕೆಳಸಾಲಿನ ಒಂದು ಬಿಲ್ಲೆಯನ್ನು ನೆಲದವರೆಗೆ ಉದ್ದ ಮಾಡಿ. ಬಿಲ್ಲೆ ಬಿಲ್ಲೆಯ ನಡುವೆ 17 ಮಿ.ಮೀ. ಅಂತರ, ತುದಿಗಳಲ್ಲಿ 22-23. ಬಿಲ್ಲೆಯ ನಾಲ್ಕೂ ಮಗ್ಗುಲನ್ನು ಪಾಲಿಶ್ ಪೇಪರ್‌ನಿಂದ ಸ್ವಲ್ಪ ಓರೆ ಮಾಡಿ ಡಬಲ್ ಟೇಪ್‌ನಿಂದ ಅಂಟಿಸಿ. ಓರೆ ಮಾಡದಿದ್ದರೆ ಬಿಲ್ಲೆ ತೆಗೆಯುವಾಗ ಕಿಟಕಿಯ ನಡುವಿನ ಗೋಡೆ ಮುರಿದು ಬರುತ್ತದೆ. ಎಲ್ಲದಕ್ಕೂ ವ್ಯಾಸಲಿನ್ ತೆಳುವಾಗಿ ಸವರಿ. ಹೆಚ್ಚಾದರೆ ಗೋಡೆಯ ಮೈ ಗುಳಿ ಗುಳಿ.

ಮುಂಗೋಡೆಗೆ 350 ಗ್ರಾಂ ಪಿಓಪಿ, 230 ಮಿ.ಲೀ. ನೀರು. ಪಕ್ಕದ ಗೋಡೆಗೆ 240 ಗ್ರಾಂ, 155 ಮಿ.ಲೀ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರಲ್ಲ. ಪುಡಿಯನ್ನು ಉದುರಿಸಿ, ಅರ್ಧ ನಿಮಿಷ ತಾನಾಗಿ ನೆನೆಯಲು ಬಿಟ್ಟು, ನಿಧಾನ ಕಲಸಿ. ಜೋರಾಗಿ ಕಡೆದರೆ ಗುಳ್ಳೆ ತುಂಬಿ ಗೋಡೆ ಸ್ಪಂಜಾಗುತ್ತದೆ. ಅರ್ಧ ಹೊಯ್ದು, ಗಾಜನ್ನು ಕೆಳಗಿನಿಂದ ಬೆರಳಲ್ಲಿ ತಟ್ಟಿ ಗುಳ್ಳೆ ಎಬ್ಬಿಸಿ.

ಈಗಲೇ ಒಂದು ಉಪಾಯ. ಗೋಡೆಯ ಯಾವ ಭಾಗ ಉಳಿಯಬೇಕೋ ಅಲ್ಲಿ ಮಾತ್ರ ಸೊಳ್ಳೆಪರದೆಯ ಪಟ್ಟಿಗಳನ್ನು ಹಸಿ ಪಿಓಪಿಯಲ್ಲಿ ಮುಳುಗಿಸಿ, ಮೇಲೆ ಉಳಿದರ್ಧ ಹೊಯ್ಯಿರಿ. ಬೀಳಬೇಕಾದ ಭಾಗಕ್ಕೆ ಪರದೆ ಬೇಡ. ನಾಳೆ ಒಡೆಯುವಾಗ ಬಿರುಕು ಪರದೆಯ ಅಂಚಿಗೆ ಬಂದು ತಾನೇ ನಿಲ್ಲುತ್ತದೆ. ಅಂದರೆ ಮನೆ ಎಲ್ಲಿ ಬೀಳಬೇಕೆಂದು ಎರಕದ ದಿನವೇ ನಿರ್ಧರಿಸಿರಬೇಕು.

ಹತ್ತು-ಹದಿನೈದು ನಿಮಿಷಕ್ಕೆ ಬಿಗಿಯುತ್ತದೆ, ಮೈ ಬಿಸಿಯಾಗುತ್ತದೆ. ಮುಕ್ಕಾಲು ತಾಸಿನ ಮೇಲೆ ಬಿಡಿಸಿ. ಒಳಗೋಡೆಗಳಿಗೆ ಇದೇ ರೀತಿ 5 ಮಿ.ಮೀ. ದಪ್ಪದ ಎರಡು ತೆಳು ಹಾಳೆ ಹೊಯ್ದುಕೊಳ್ಳಿ. ಪಾತ್ರೆ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ಪಿಓಪಿ ನೀರೊಳಗೂ ಕಲ್ಲಾಗುತ್ತದೆ, ಆಮೇಲೆ ಪ್ಲಂಬರ್‌ಗೆ ಫೋನ್.

ಗೀರುವ ಕೆಲಸ

ಬಿಡಿಸಿದ ಎರಡು-ಮೂರು ತಾಸಿನೊಳಗೆ ಗೋಡೆ ಬಟ್ಟೆ ಸಾಬೂನಿನ ಹದದಲ್ಲಿರುತ್ತದೆ. ಗೀರುವುದೆಲ್ಲ ಆಗಲೇ. ಒಣಗಿದ ಮೇಲೆ ಗೀರಿದರೆ ಅಂಚು ಸಿಡಿಯುತ್ತದೆ.

ಇಡೀ ಗೋಡೆಗೆ ಇಟ್ಟಿಗೆ ಗೀರುವ ಹುಚ್ಚು ಬೇಡ. 1 ಮಿ.ಮೀ.ಗೆ ಒಂದು ಸಾಲಿನಂತೆ 190 ಸಾಲಾಗುತ್ತದೆ, ಕಣ್ಣೂ ಹೋಗುತ್ತದೆ, ಸಾಲೂ ಓಡುತ್ತದೆ. ಅಲ್ಲಿನ ಬಹಳಷ್ಟು ಮನೆಗಳಿಗೆ ಗಿಲಾವು ಇತ್ತು, ಗುಂಡು ತಾಗಿ ಗಿಲಾವು ಉದುರಿದ ಕಡೆ ಮಾತ್ರ ಇಟ್ಟಿಗೆ ಕಾಣುತ್ತಿತ್ತು. ಹೀಗೆ ಮಾಡಿ: ಕಿಟಕಿಯ ಮೂಲೆಗಳಲ್ಲಿ, ಒಡೆಯಲಿರುವ ಅಂಚಿನುದ್ದಕ್ಕೂ, ಮನೆಯ ಮೂಲೆಯಲ್ಲಿ ಒಂದು ನಾಲ್ಕೈದು ನಕಾಶೆಯಾಕಾರದ ತೇಪೆ ಗುರುತಿಸಿ. ಆ ತೇಪೆಯನ್ನು ಮೊದಲು 0.3 ಮಿ.ಮೀ. ಆಳ ಕೆರೆಯಿರಿ, ಅದು ಗಿಲಾವಿನ ದಪ್ಪ. ತಗ್ಗಾದ ಜಾಗದಲ್ಲಿ ದಬ್ಬಣದಿಂದ 1 ಮಿ.ಮೀ. ಅಂತರದ ಅಡ್ಡಗೆರೆ. ಒಂದು ಸಾಲಿಗೆ 3.5 ಮಿ.ಮೀ.ಗೊಂದು ನಿಲುಗೆರೆ, ಅದರ ಮೇಲಿನ ಸಾಲಿಗೆ 1.7ಕ್ಕೊಂದು, ಗೌಂಡಿಗಳು ಉದ್ದಿಟ್ಟಿಗೆ, ಅಡ್ಡಿಟ್ಟಿಗೆ ಸಾಲು ಬದಲಿಸಿ ಕಟ್ಟುವ ಹಾಗೆ. ಕೆರೆಯದೆ ಗೀರಿದರೆ ಇಟ್ಟಿಗೆ ಗಿಲಾವಿನ ಮೇಲೆ ಚಿತ್ರ ಬರೆದಂತಾಗುತ್ತದೆ. ಎಲ್ಲರ ಡಯೋರಾಮದಲ್ಲೂ ಕಾಣುವ ತಪ್ಪು ಇದೇ.

ಗೋಡೆಯ ಒಳಮೈಯಲ್ಲಿ ಪ್ರತಿ ಅಂತಸ್ತಿನ ಮಟ್ಟಕ್ಕೆ 14 ಮಿ.ಮೀ.ಗೊಂದರಂತೆ 3 ಮಿ.ಮೀ. ಚೌಕದ ಗೂಡು ಕೊರೆಯಿರಿ, ಜಂತಿಯ ತುದಿ ಕೂರುವ ಜಾಗ. ನೆಲ ಸುಟ್ಟುಹೋದ ಮನೆಯಲ್ಲಿ ಈ ಖಾಲಿ ಗೂಡುಗಳ ಸಾಲೇ "ಇಲ್ಲೊಂದು ಮಹಡಿ ಇತ್ತು" ಎಂದು ಹೇಳುವುದು.

ಗೋಡೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒಣಗಿಸಿ, ಮಲಗಿಸಿದರೆ ಬಾಗುತ್ತವೆ. ಏಪ್ರಿಲ್-ಮೇ ಬಿಸಿಲಿಗೆ ಮೂರು ದಿನ ಸಾಕು, ಆದರೆ ನೇರ ಬಿಸಿಲಲ್ಲ, ನೆರಳಲ್ಲಿ. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಹತ್ತು ದಿನವೂ ಹಿಡಿಯಬಹುದು. ಕೆನ್ನೆಗೆ ತಾಗಿಸಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಒಡೆಯುವ ಕೆಲಸ

ಆಗಸ್ಟ್ ದಾಳಿಯಲ್ಲಿ ಒಡೆಯುವ ಬಾಂಬ್ ಜೊತೆ ಬೆಂಕಿ ಹಚ್ಚುವ ಬಾಂಬೂ ಬಿದ್ದಿದ್ದವು. ಮರದ ನೆಲ, ಮರದ ಚಾವಣಿ ಸುಟ್ಟವು, ಇಟ್ಟಿಗೆಯ ಚಿಪ್ಪು ನಿಂತಿತು. ಬಾಂಬ್ ಒಳಗೆ ಸಿಡಿದ ಕಡೆ ಗೋಡೆ ಹೊರಕ್ಕೆ ತಳ್ಳಿಹೋಯಿತು. ಎರಡು ಗೋಡೆ ಹೆಣೆದುಕೊಂಡಿರುವುದರಿಂದ ಮೂಲೆಗಳು ಕೊನೆಯವರೆಗೆ ನಿಲ್ಲುತ್ತವೆ. ಮೆಟ್ಟಿಲಿನ ಗೂಡು, ಹೊಗೆಕೊಳವೆ ಇದ್ದ ದಪ್ಪ ಗೋಡೆಯೂ ನಿಲ್ಲುತ್ತದೆ. ಬಿರುಕು ಯಾವಾಗಲೂ ಗೋಡೆ ಸೋತ ದಾರಿ ಹಿಡಿಯುತ್ತದೆ, ಅಂದರೆ ಒಂದು ಕಿಟಕಿಯ ಮೂಲೆಯಿಂದ ಮೇಲಿನ ಅಥವಾ ಪಕ್ಕದ ಕಿಟಕಿಯ ಮೂಲೆಗೆ.

ಹಾಗಾಗಿ ಮುಂಗೋಡೆಯ ನಡುವಿನ ಮೂರು-ನಾಲ್ಕು ಕಿಟಕಿಗಳ ಮೇಲ್ಭಾಗ ಬೀಳಲಿ, ಬೀದಿಮೂಲೆಯ ತುದಿ ಪೂರ್ತಿ ಎತ್ತರಕ್ಕೆ ನಿಲ್ಲಲಿ. ಒಟ್ಟು ಸುಮಾರು ನೂರಕ್ಕೆ 40 ಪಾಲು ಹೋಗಲಿ, ಪಕ್ಕದ ಗೋಡೆಯಲ್ಲಿ ಅರ್ಧ. ಒಡೆಯುವ ಗೆರೆಯನ್ನು ಗೋಡೆಯ ಒಳಮೈಗೆ ಮೆಟ್ಟಿಲು ಮೆಟ್ಟಿಲಾಗಿ 2 ಮಿ.ಮೀ. ಆಳ ಕೊಯ್ಯಿರಿ, ಹೊರಮೈಗೆ ಮುಟ್ಟಬೇಡಿ. ಗೋಡೆಯನ್ನು ಮೇಜಿನ ಅಂಚಿಗಿಟ್ಟು ಹೆಬ್ಬೆರಳಿನಿಂದ ಒತ್ತಿ ಮುರಿಯಿರಿ. ಅಂಚನ್ನು ಇಕ್ಕಳದಿಂದ ಇಟ್ಟಿಗೆಯಷ್ಟಷ್ಟೇ ಕಚ್ಚಿ ತೆಗೆಯಿರಿ. ಬಿದ್ದ ತುಂಡುಗಳನ್ನು ಎಸೆಯಬೇಡಿ, ಅವೇ ನಾಳೆಯ ರಾಶಿಯ ಮೇಲಿನ ಹೆಂಟೆಗಳು.

ಫಿರಂಗಿ ಗುಂಡು ತೂರಿದ ತೂತು ಹೊರಗೆ ಚಿಕ್ಕದು, ಒಳಗೆ ದೊಡ್ಡದು. ಹೊರಗಿನಿಂದ 3-4 ಮಿ.ಮೀ. ಡ್ರಿಲ್ ಹಾಕಿ, ಒಳಗಿನಿಂದ ಅದನ್ನು 8-10 ಮಿ.ಮೀ. ಬಟ್ಟಲಿನಂತೆ ಅಗಲಿಸಿ. ಎರಡು-ಮೂರು ಸಾಕು. ಬಂದೂಕಿನ ಗುಂಡಿನ ಗುರುತು ದಬ್ಬಣದ ಮೊನೆಯಷ್ಟು, 1 ಮಿ.ಮೀ. ಇದನ್ನು ಗೋಡೆ ತುಂಬ ಸಾಸಿವೆ ಎರಚಿದಂತೆ ಹಾಕುವುದು ತಪ್ಪು. ಸೈನಿಕ ಗುರಿಯಿಡುವುದು ಕಿಟಕಿಗೆ, ಆದ್ದರಿಂದ ಕಿಟಕಿಯ ಸುತ್ತ ದಟ್ಟ, ಬೇರೆಡೆ ವಿರಳ.

ಗೋಡೆ ಬುಡದಲ್ಲಿ ಎರಡು ಕಡೆ 1 ಮಿ.ಮೀ. ತೂತು ಕೊರೆದು ತಂತಿಯ ಗೂಟ ಸಿಕ್ಕಿಸಿ, ಫೋಮ್‌ನಲ್ಲಿ 5 ಮಿ.ಮೀ. ಆಳದ ಪಾಯದ ಕಾಲುವೆ ತೋಡಿ, ಫೆವಿಕಾಲ್ ಹಾಕಿ ನಿಲ್ಲಿಸಿ. ಪಾಯ ತೋಡದೆ ನೆಲದ ಮೇಲೆ ಅಂಟಿಸಿದ ಗೋಡೆಯ ಬುಡದಲ್ಲಿ ಒಂದು ಬೆಳಕಿನ ಗೆರೆ ಉಳಿಯುತ್ತದೆ.

ಒಳಭಾಗ

ಬೆಂಕಿಕಡ್ಡಿ ಜಂತಿ, ಊದಿನಕಡ್ಡಿಯ ಬಿದಿರು ಸೀಳಿ ಹಲಗೆ. ಒಂದೆರಡು ಕಡೆ ಮಾತ್ರ ಮೂಲೆಯಲ್ಲಿ ನೆಲ ಉಳಿಯಲಿ. ಉಳಿದ ಜಂತಿಗಳ ತುದಿಯನ್ನು ದೀಪದಲ್ಲಿ ಸುಟ್ಟು, ಒಂದು ತುದಿ ಗೂಡಿನಲ್ಲಿ, ಇನ್ನೊಂದು ಕೆಳಗಿನ ರಾಶಿಯಲ್ಲಿ ಇಳಿಬಿಡಿ. ಚಾವಣಿಯ ತಗಡಿಗೆ ಮಾತ್ರೆ ಪಟ್ಟಿಯ ಹಾಳೆ ಸರಿ. ತಂಪುಪಾನೀಯದ ಡಬ್ಬಿಯ ತಗಡು 0.1 ಮಿ.ಮೀ., ನಿಜದಲ್ಲಿ 7 ಮಿ.ಮೀ. ಆಗಿಬಿಡುತ್ತದೆ, ಅದು ತಗಡಲ್ಲ, ಟ್ಯಾಂಕಿನ ಕವಚ. ಒಂದು ಕಬ್ಬಿಣದ ಮಂಚ ತಾಮ್ರದ ಎಳೆಯಲ್ಲಿ ಬಗ್ಗಿಸಿ ಮೂರನೇ ಮಹಡಿಯ ಉಳಿದ ನೆಲದ ತುದಿಗೆ ತೂಗುಬಿಟ್ಟರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬೀದಿ ಮತ್ತು ಟ್ರಾಮ್ ಹಳಿ

ಬೀದಿಗೆ ವಾಲ್ ಪುಟ್ಟಿಯನ್ನು 2 ಮಿ.ಮೀ. ಬಳಿದು, ಒದ್ದೆ ಸ್ಪಂಜಿನಿಂದ ಒರೆಸಿದರೆ ಡಾಂಬರಿನ ಮೈ ಬರುತ್ತದೆ. ನಡುವೆ ಟ್ರಾಮ್ ಹಳಿ. ಆ ಊರಿನ ಹಳಿಗಳ ಅಂತರ 1524 ಮಿ.ಮೀ., ಇಲ್ಲಿ 21 ಮಿ.ಮೀ. ಆಟಿಕೆ ರೈಲಿನ 16.5 ಮಿ.ಮೀ. ಹಳಿ ಸಿಗುತ್ತದೆಂದು ಅದನ್ನೇ ಹಾಸಬೇಡಿ. 20 ಗೇಜಿನ ಕಬ್ಬಿಣದ ತಂತಿ ಸುಮಾರು 0.9 ಮಿ.ಮೀ. ದಪ್ಪ, ಅದೇ ಹಳಿ. ಒಂದು ತುದಿ ವೈಸ್‌ಗೆ, ಇನ್ನೊಂದು ತುದಿ ಇಕ್ಕಳಕ್ಕೆ ಹಿಡಿದು ಒಮ್ಮೆ ಜೋರಾಗಿ ಜಗ್ಗಿದರೆ ತಂತಿ ಪಟ್ಟಿಯಂತೆ ನೇರವಾಗುತ್ತದೆ.

ಹಳಿಯ ನಡುವೆ ಮತ್ತು ಇಕ್ಕೆಲದ 8 ಮಿ.ಮೀ. ಜಾಗದಲ್ಲಿ ಕಲ್ಲುಹಾಸು. ಪೆನ್ನಿನ ತಗಡಿನ ಮೂತಿಯನ್ನು ಇಕ್ಕಳದಲ್ಲಿ ಒತ್ತಿ 2 ಮಿ.ಮೀ. ಚೌಕ ಮಾಡಿ, ಹಸಿ ಪುಟ್ಟಿಯ ಮೇಲೆ ಒತ್ತುತ್ತ ಹೋಗಿ. ಐದೂವರೆ ಸಾವಿರ ಮುದ್ರೆ ಬೇಕು. ಅಂಥ ಆರು ಮೂತಿಗಳನ್ನು ಒಂದು ಕಡ್ಡಿಗೆ ಸಾಲಾಗಿ ಅಂಟಿಸಿಕೊಂಡರೆ ಒಂಬೈನೂರು ಒತ್ತಿಗೆ ಮುಗಿಯುತ್ತದೆ. ಪುಟ್ಟಿ ಒಣಗುವ ಮುನ್ನ ಮುಗಿಸಲು ಗೇಣುದ್ದ ಬಳಿದು ಗೇಣುದ್ದ ಒತ್ತಿ. ರಾಶಿ ಮುಚ್ಚುವ ಕಡೆ ಬಿಟ್ಟುಬಿಡಿ, ಯಾರೂ ಕೆದಕಿ ನೋಡುವುದಿಲ್ಲ.

ರಾಶಿ: ಲೆಕ್ಕ ಹಾಕಿ ಸುರಿಯಿರಿ

ಡಯೋರಾಮ ಸೋಲುವುದು ಹೆಚ್ಚಾಗಿ ಇಲ್ಲೇ. ನಾಲ್ಕಂತಸ್ತಿನ ಮನೆ ಅರ್ಧ ಬಿದ್ದಿರುತ್ತದೆ, ಬುಡದಲ್ಲಿ ಎರಡು ಚಮಚ ಚೂರು. ಉಳಿದ ಗೋಡೆ ಎಲ್ಲಿ ಹೋಯಿತು? ಲೆಕ್ಕ ಸುಲಭ. ಕಿಟಕಿ ಕಳೆದು ಮುಂಗೋಡೆ 347 ಘನ ಸೆಂ.ಮೀ., ಅದರಲ್ಲಿ 40 ಪಾಲು, 139. ಪಕ್ಕದ ಗೋಡೆ 236, ಅದರಲ್ಲಿ ಅರ್ಧ, 118. ಒಳಗೋಡೆಗಳದು ಒಂದು ನೂರು. ಹಿಂದಿನ ಎರಡು ಗೋಡೆ ಹೆಚ್ಚುಕಡಿಮೆ ಪೂರ್ತಿ, ಸುಮಾರು 500. ಒಟ್ಟು 850ರ ಆಸುಪಾಸು. ಒಡೆದ ಇಟ್ಟಿಗೆ ಪೊಳ್ಳುಪೊಳ್ಳಾಗಿ ಬೀಳುವುದರಿಂದ 1.4ರಿಂದ ಗುಣಿಸಿ. 1.2 ಲೀಟರ್ ಬಂತು. ಒಂದು ಲೀಟರಿನ ನೀರಿನ ಬಾಟಲಿ ತುಂಬಿ ಮೇಲೊಂದು ಲೋಟ. ಅರ್ಧ ಮನೆಯೊಳಗೆ, ಉಳಿದದ್ದು ಹೊರಗೆ ಗೋಡೆಬುಡದಿಂದ ಬೀದಿಯವರೆಗೆ 35-40 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದ ಇಟ್ಟಿಗೆ ರಾಶಿ ನಿಲ್ಲುವುದಿಲ್ಲ. ಅಷ್ಟನ್ನೂ ಚೂರಿನಿಂದಲೇ ತುಂಬಬೇಕೆಂದಿಲ್ಲ, ಒಳತಿರುಳಿಗೆ ಫೋಮ್ ತುಂಡು ಕೊಯ್ದಿಟ್ಟು ಮೇಲೆ 5 ಮಿ.ಮೀ. ಹೊದಿಕೆ ಹಾಕಿದರೆ ಆಯಿತು.

ಹೊದಿಕೆಗೆ ನಾಲ್ಕು ಗಾತ್ರ. ಗೋಡೆಯಿಂದ ಮುರಿದ ಹೆಂಟೆಗಳು. ಒಳಗೋಡೆಯ ತೆಳು ಹಾಳೆ ಮುರಿದ ಸಣ್ಣ ಚೂರು. ಬಿಡಿ ಇಟ್ಟಿಗೆ. ಕೊನೆಗೆ ಪುಡಿ. ಬಿಡಿ ಇಟ್ಟಿಗೆಗೆ ಬೈಂಡಿಂಗ್ ರಟ್ಟನ್ನು 1.7 ಮಿ.ಮೀ. ಪಟ್ಟಿ ಮಾಡಿ 3.5ಕ್ಕೆ ತುಂಡರಿಸಿ, ಎ4 ಹಾಳೆಯ ಕಾಲುಭಾಗದಲ್ಲಿ ಎರಡೂವರೆ ಸಾವಿರ ಇಟ್ಟಿಗೆ ಬರುತ್ತದೆ. ಚಹಾ ಜರಡಿಯಲ್ಲಿ ಹಾಕಿ ಕೆಂಪು-ಕಂದು ಬಣ್ಣದ ತೆಳು ನೀರಲ್ಲಿ ಅದ್ದಿ ಒಣಗಿಸಿ. ಅರ್ಧದಷ್ಟನ್ನು ನಡುವೆ ಮುರಿಯಿರಿ, ಪೂರ್ತಿ ಇಟ್ಟಿಗೆಯೇ ಬಿದ್ದಿದ್ದರೆ ಕಟ್ಟಲು ತಂದು ಸುರಿದ ಲೋಡಿನಂತಿರುತ್ತದೆ. ಪುಡಿಗೆ ಮಂಗಳೂರು ಹಂಚನ್ನು ಗೋಣಿತಟ್ಟಿನಲ್ಲಿ ಸುತ್ತಿ ಕುಟ್ಟಿ ಸೋಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಇಟ್ಟಿಗೆ ಧೂಳಿನ ಬಣ್ಣ ಯಾವ ಡಬ್ಬಿಯಲ್ಲೂ ಇಷ್ಟು ಸರಿಯಾಗಿ ಸಿಗುವುದಿಲ್ಲ.

ನೆಲದ ಧೂಳಿಗೆ ಎರೆಮಣ್ಣು ಬೇಡ. ಬಣ್ಣ ತೀರ ಕಪ್ಪು, ಮೇಲಾಗಿ ಬೇಸಿಗೆಯ ಹೊಲದಂತೆಯೇ ನಿಮ್ಮ ಬೀದಿಯೂ ಬಾಯಿ ಬಿಡುತ್ತದೆ. ತಿಳಿಬಣ್ಣದ ಗರಸನ್ನು ತೆಳುಬಟ್ಟೆಯಲ್ಲಿ ಸೋಸಿ, ಹಂಚಿನ ಮೇಲೆ ಅರ್ಧ ತಾಸು ಹುರಿದು ಬಳಸಿ. ರವೆ, ರಾಗಿಯನ್ನು ಕಲ್ಲಿಗೆ ಬಳಸುವವರಿದ್ದಾರೆ. ಇರುವೆ, ನುಸಿ ಮೊದಲ ವರ್ಷದಲ್ಲೇ ಊರನ್ನು ಎರಡನೇ ಸಲ ಹಾಳು ಮಾಡುತ್ತವೆ.

ದೊಡ್ಡದು ಮೊದಲು, ಪುಡಿ ಕೊನೆಗೆ ಹಾಕಿ. ಸ್ಪ್ರೇ ಬಾಟಲಿಯಿಂದ ನೀರಿನ ಮಂಜು ಹೊಡೆದು ನೆನೆಸಿ, ಆಮೇಲೆ 1 ಪಾಲು ಫೆವಿಕಾಲ್, 3 ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಿರಿಂಜ್‌ನಿಂದ ಅಂಚಿನಿಂದ ಊಡಿಸಿ. ಸೋಪು ಹಾಕದಿದ್ದರೆ ನೀರು ಮುತ್ತಾಗಿ ನಿಂತು ಪುಡಿಯನ್ನು ಹೊತ್ತು ಓಡುತ್ತದೆ. ಮಳೆಗಾಲವಾದರೆ ಬೂಷ್ಟು ಹಿಡಿಯದಂತೆ ಕೆಲವು ಹನಿ ಡೆಟಾಲ್. ಒಂದು ದಿನ ಮುಟ್ಟಬೇಡಿ.

ಬಣ್ಣ

ಪಿಓಪಿ ಬಣ್ಣವನ್ನು ಕುಡಿಯುತ್ತದೆ. ಮೊದಲು 1:5 ಫೆವಿಕಾಲ್ ನೀರು ಸವರಿ ಒಣಗಿಸಿ. ಗಿಲಾವಿಗೆ ಮಾಸಿದ ಹಳದಿ ಮಣ್ಣಿನ ಬಣ್ಣ, ಇಟ್ಟಿಗೆ ತೇಪೆಗೆ ಕೆಂಪು-ಕಂದು, ಅಲ್ಲೊಂದು ಇಲ್ಲೊಂದು ಇಟ್ಟಿಗೆಗೆ ಕಿತ್ತಳೆ ಅಥವಾ ಕಡುಗಂದು. ಒಳಗೆ ಕೋಣೆಗೊಂದು ಬಣ್ಣ. ಕಲಸುವಾಗ ಎಲ್ಲ ಬಣ್ಣಕ್ಕೂ ಹತ್ತರಲ್ಲಿ ಒಂದು ಪಾಲು ಬಿಳಿ ಸೇರಿಸಿ. ಇಷ್ಟು ಚಿಕ್ಕ ವಸ್ತುವಿನ ಮೇಲೆ ನಿಜದ ಬಣ್ಣ ಗಾಢವಾಗಿ ಕಾಣುತ್ತದೆ. ಅಚ್ಚ ಕಪ್ಪು ಎಲ್ಲೂ ಬೇಡ.

ಒಂದು ಪಾಲು ಕಂದು, ಹತ್ತು ಪಾಲು ನೀರಿನ ತೊಳೆತ ಗೆರೆಗಳಲ್ಲಿ ಇಳಿಯಲಿ. ಒಣಗಿದ ಮೇಲೆ ಒಣ ಕುಂಚಕ್ಕೆ ತಿಳಿಬಣ್ಣ ತಾಗಿಸಿ ಬಟ್ಟೆಗೆ ಒರೆಸಿ, ಉಳಿದಷ್ಟನ್ನು ಅಂಚುಗಳ ಮೇಲೆ ಸವರಿ. ಮಸಿಗೆ ಇದ್ದಿಲ ಪುಡಿ. ಬೆಂಕಿಯ ನಾಲಿಗೆ ಮೇಲಕ್ಕೇ ಹೋಗುವುದು, ಆದ್ದರಿಂದ ಮಸಿ ಕಿಟಕಿಯ ಮೇಲಂಚಿನಿಂದ ಮೇಲಕ್ಕೆ ಹರಡಬೇಕು. ಕಿಟಕಿಯ ಸುತ್ತ ಕಾಡಿಗೆ ತೀಡಿದಂತೆ ಕರಿ ಬಳಿದವರ ಮನೆಗಳು ಬಹಳ.

ಕೊನೆಗೆ ಧೂಳು. ಬೂದು-ಕಂದು ಚಾಕ್ ಪೇಸ್ಟಲ್ ಕಡ್ಡಿಯನ್ನು ಪಾಲಿಶ್ ಪೇಪರ್‌ಗೆ ಉಜ್ಜಿ ಪುಡಿ ಮಾಡಿ, ರಾಶಿ, ಬೀದಿ, ಗೋಡೆಯ ಕೆಳಭಾಗ, ಟ್ಯಾಂಕಿನ ಚಕ್ರ, ಸೈನಿಕನ ಬೂಟು ಎಲ್ಲಕ್ಕೂ ಅದೇ ಪುಡಿ. ಬೇರೆ ಬೇರೆ ದಿನ ಮಾಡಿದ ತುಂಡುಗಳನ್ನು ಒಂದೇ ಊರಿನವಾಗಿ ಮಾಡುವುದು ಈ ಒಂದು ಪುಡಿ. ಜಿಪುಣತನ ಬೇಡ.

ಟ್ಯಾಂಕು, ಮಂದಿ

1/72ರ ಟಿ-34 ಟ್ಯಾಂಕಿನ ಒಡಲು 82 ಮಿ.ಮೀ. ಉದ್ದ, 42 ಅಗಲ. ಊರಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲೇ ಇವು ತಯಾರಾಗುತ್ತಿದ್ದವು. ರಬ್ಬರ್ ಅಭಾವದಿಂದ ಅಲ್ಲಿನ ಟ್ಯಾಂಕುಗಳಿಗೆ ಹೊರಗೆ ಉಕ್ಕಿನ ಪಟ್ಟಿಯ ಚಕ್ರಗಳಿರುತ್ತಿದ್ದವು, ಕಿಟ್‌ನಲ್ಲಿ ಎರಡೂ ಬಗೆ ಇದ್ದರೆ ಅದನ್ನೇ ಆರಿಸಿ. ಟ್ಯಾಂಕನ್ನು ಒಣ ರಾಶಿಯ ಮೇಲೆ ಅಂಟಿಸಿದರೆ ಎರಡು ಬಿಂದುವಿನ ಮೇಲೆ ತೇಲುತ್ತದೆ. ರಾಶಿ ಹಸಿಯಿರುವಾಗಲೇ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಟ್ಯಾಂಕನ್ನು ಒತ್ತಿ ತೆಗೆದು, ಒಣಗಿದ ಮೇಲೆ ಅದೇ ಗುಂಡಿಗೆ ಕೂರಿಸಿ.

ಮೆತ್ತನೆ ಪ್ಲಾಸ್ಟಿಕ್ ಗೊಂಬೆಗಳ ಮೇಲೆ ಬಣ್ಣ ನಿಲ್ಲುವುದಿಲ್ಲ, ಬಂದೂಕು ಬಗ್ಗಿದೊಡನೆ ಸುಲಿಯುತ್ತದೆ. ಸಾಬೂನಿನಲ್ಲಿ ತೊಳೆದು, ತೆಳು ಫೆವಿಕಾಲ್ ಒಂದು ಕೋಟು ಕೊಟ್ಟು ಆಮೇಲೆ ಬಣ್ಣ. ಹನ್ನೆರಡು ಜನ ಸಾಕು. ಬೀದಿ ನಡುವೆ ನಿಂತು ಗುಂಡು ಹಾರಿಸುವವನನ್ನು ಕಿಟಕಿಯೊಳಗೆ, ಗೋಡೆ ಮರೆಗೆ, ರಾಶಿಯ ಹಿಂದೆ ಸರಿಸಿ. ಈ ಊರಿನ ಕಾಳಗದಲ್ಲಿ ನಿಂತವನು ಉಳಿಯುತ್ತಿರಲಿಲ್ಲ.

ನಮ್ಮೂರಲ್ಲಿ ಹತ್ತಿಗೆ ಬರವಿಲ್ಲ ಎಂದು ಅದರಿಂದ ಹೊಗೆ ಮಾಡಲು ಹೋಗಬೇಡಿ. ಎಷ್ಟೇ ಕರಿ ಬಳಿದರೂ ಅದು ಅರಳೆಯೇ. ಬೆಂಕಿ ಬೇಕೇಬೇಕೆಂದರೆ ಮನೆಯೊಳಗೆ ರಾಶಿಯ ಹಿಂದೆ ಕಾಣದ ಹಾಗೆ ಒಂದು ಮಿನುಗುವ ಕಿತ್ತಳೆ ಎಲ್‌ಇಡಿ. ಎರಡು ಎಎ ಸೆಲ್ಲು, 47 ಓಮ್ ರೆಸಿಸ್ಟರ್. ಬೆಳಕು ಮಾತ್ರ ಕಾಣಲಿ, ದೀಪ ಕಾಣಬಾರದು.

ಪೆಟ್ಟಿಗೆ

ನೀವು ಹಾಕಿದ ಧೂಳು 1/72ರದ್ದು, ಹುಬ್ಬಳ್ಳಿಯ ಧೂಳು ಅಲ್ಲ. ಒಂದು ತಿಂಗಳು ತೆರೆದಿಟ್ಟರೆ ಟ್ರಾಮ್ ಹಳಿ ಕಾಣುವುದಿಲ್ಲ, ಒರೆಸಿದರೆ ಇಟ್ಟಿಗೆಗಳೇ ಬರುತ್ತವೆ. 62 × 47 ಸೆಂ.ಮೀ., ಎತ್ತರ 28 ಸೆಂ.ಮೀ.ಯ ಗಾಜಿನ ಅಥವಾ 3 ಮಿ.ಮೀ. ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ. ಮುಚ್ಚುವ ಮುನ್ನ ಎರಡು ವಾರ ತಾಳಿ. ಪಿಓಪಿ ಮತ್ತು ಅಂಟಿನಲ್ಲಿ ಉಳಿದ ನೀರು ಒಳಗೆ ಸಿಕ್ಕಿಬಿದ್ದರೆ ಗಾಜು ಬೆವರುತ್ತದೆ, ತಂತಿಯ ಹಳಿಗೆ ನಿಜವಾದ ತುಕ್ಕು ಹಿಡಿಯುತ್ತದೆ. ತಳದ ಹಲಗೆಯಲ್ಲಿ ಹಿಂಬದಿಗೆ, ಮನೆಯ ರಾಶಿಯ ಮರೆಯಲ್ಲಿ, 5 ಮಿ.ಮೀ.ಯ ಎರಡು ತೂತು ಕೊರೆದು ಕೆಳಗಿನಿಂದ ತೆಳುಬಟ್ಟೆ ಅಂಟಿಸಿ. ಗಾಳಿ ಆಡುತ್ತದೆ, ಇರುವೆ ಬರುವುದಿಲ್ಲ. ಎಲ್‌ಇಡಿಯ ತಂತಿಗೂ ಅದೇ ದಾರಿ.